ಕ್ಯಾಟಲಾಗಿನಲ್ಲಿ ಅಡ್ಡ ಮಲಗಿದ ವೇಷಗಳು

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಇನ್ನೊಂದು ಕೆಲಸ ಶುರು. ಆರು ತಿಂಗಳ ತಿರುಗಾಟದಲ್ಲಿ ನಿದ್ದೆಗೆಟ್ಟು ತೆಗೆದ ಯಕ್ಷಗಾನದ ಫೋಟೋಗಳನ್ನು ಮಳೆಗಾಲವಿಡೀ ಕೂತು ಡಿಜಿಕ್ಯಾಮ್ ಎಂಬ ಫೋಟೋ ಕ್ಯಾಟಲಾಗ್ ಸಾಫ್ಟ್‌ವೇರ್‌ನಲ್ಲಿ ಜೋಡಿಸುತ್ತೇನೆ. ಯಾವ ಮೇಳ, ಯಾವ ಪ್ರಸಂಗ, ವೇಷ ಯಾವುದು, ಮಾಡಿದವರು ಯಾರು ಎಂದು ಒಂದೊಂದಕ್ಕೂ ಟ್ಯಾಗ್ ಹಾಕಿಟ್ಟರೆ ಹತ್ತು ವರ್ಷ ಕಳೆದ ಮೇಲೂ ಕೇಳಿದವರಿಗೆ ಕೇಳಿದ ಫೋಟೋ ಕೊಡಬಹುದು. ಕೇಳಿಕೊಂಡು ಬರುವವರು ಹೆಚ್ಚಾಗಿ ಕಲಾವಿದರೇ. ಅವರು ತೀರಿಕೊಂಡಿದ್ದರೆ ಅವರ ಮಕ್ಕಳು. ಹಾಗಾಗಿ ಒಂದು ಫೈಲ್ ಕೆಟ್ಟರೂ ನನಗೆ ಕರುಳು ಚುರ್ ಎನ್ನುತ್ತದೆ.

ಎರಡು ವರ್ಷದ ಹಿಂದೆ, ಆಟಿ ತಿಂಗಳ ಒಂದು ಮಧ್ಯಾಹ್ನ, ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುವ ಹಿರಿಯರೊಬ್ಬರು ಕೊಡೆ ಮಡಚುತ್ತ ಉಡುಪಿಯ ನಮ್ಮ ಮನೆಗೆ ಬಂದರು. ಅವರಿಗೆ ಸನ್ಮಾನ ಇತ್ತು, ಸ್ಮರಣ ಸಂಚಿಕೆಗೆ ಫೋಟೋ ಬೇಕಿತ್ತು. ಅವರ ಹೆಸರಿನ ಟ್ಯಾಗ್ ಒತ್ತಿದೆ. ಪರದೆ ತುಂಬ ವೇಷಗಳು, ಎಲ್ಲವೂ ಅಡ್ಡ. “ನನ್ನನ್ನು ಯಾಕೆ ಮಲಗಿಸಿದ್ದು ಮಾರಾಯ? ನಾನಿನ್ನೂ ನಿಂತೇ ಕುಣೀತೇನೆ” ಅಂದರು. ನಾನು ಅವಸರದಲ್ಲಿ ಎಲ್ಲವನ್ನೂ ಆಯ್ದು ತಿರುಗಿಸುವ ಗುಂಡಿ ಒತ್ತಿದೆ. ಪರದೆಯಲ್ಲಿ ಎದ್ದು ನಿಂತವು. ಅವರಿಗೆ ಬೇಕಾದ ನಾಲ್ಕನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ. ಸಂಜೆ ಪ್ರೆಸ್ಸಿನಿಂದ ಫೋನ್: ಎರಡು ಫೋಟೋ ಅಡ್ಡ ಉಂಟು, ಎರಡು ಸರಿ ಉಂಟು.

ಆ ರಾತ್ರಿ ಕೂತು ಹುಡುಕಿದಾಗ ಗೊತ್ತಾದದ್ದು ಇದು. ಕ್ಯಾಟಲಾಗಿನಲ್ಲಿ ನಾವು ನೋಡುತ್ತಿರುವುದು ಫೋಟೋ ಅಲ್ಲ. ಒಂದು ಫೋಟೋಗೆ ಅಲ್ಲಿ ಮೂರು ರೂಪ ಇರುತ್ತದೆ. ಒಂದು, ಫೈಲಿನಲ್ಲಿರುವ ನಿಜವಾದ ಚಿತ್ರ. ಇನ್ನೊಂದು, ಕ್ಯಾಮೆರಾ ಅದೇ ಫೈಲಿನ ತಲೆಯಲ್ಲಿ ಎಕ್ಸಿಫ್ ಮಾಹಿತಿಯ (ಫೋಟೋ ತೆಗೆದ ವಿವರಗಳ) ಜೊತೆ ಅಡಗಿಸಿಟ್ಟ ಪುಟ್ಟ ಚಿತ್ರ. ಮೂರನೆಯದು, ಸಾಫ್ಟ್‌ವೇರ್ ತಾನೇ ಮಾಡಿ ತನ್ನ ಹತ್ತಿರ ಇಟ್ಟುಕೊಂಡ ಥಂಬ್‌ನೇಲ್. ಮೂರರಲ್ಲಿ ಯಾವುದು ತಪ್ಪಿದೆ ಎಂದು ತಿಳಿಯದೆ ಕೈಹಾಕಿದರೆ ಸರಿ ಇದ್ದದ್ದೂ ಕೆಡುತ್ತದೆ. ನಾನು ಮಾಡಿದ್ದು ಅದನ್ನೇ. ಆ ಫೋಟೋಗಳಲ್ಲಿ ಒಂದಷ್ಟನ್ನು ಹಿಂದಿನ ವರ್ಷವೇ, ಆ ಮಾಹಿತಿಯನ್ನು ಓದಿ ತಿದ್ದುವ ಎಕ್ಸಿಫ್‌ಟೂಲ್ ಎಂಬ ಪ್ರೋಗ್ರಾಂನಲ್ಲಿ ಸರಿ ಮಾಡಿದ್ದೆ, ಆದರೆ ಫೈಲಿನ ತಾರೀಕು ಬದಲಾಗಬಾರದು ಎಂಬ ಆಯ್ಕೆ ಹಾಕಿ ಮಾಡಿದ್ದೆ. ತಾರೀಕು ಬದಲಾಗಲಿಲ್ಲ, ಆದ್ದರಿಂದ ಫೈಲ್ ಬದಲಾಗಿದೆ ಎಂದು ಡಿಜಿಕ್ಯಾಮ್‌ಗೂ ತಿಳಿಯಲಿಲ್ಲ. ಅದು ಹಳೆಯ ಅಡ್ಡ ಥಂಬ್‌ನೇಲನ್ನೇ ತೋರಿಸುತ್ತಿತ್ತು. ಅದನ್ನು ನಂಬಿ ನಾನು ನೆಟ್ಟಗಿದ್ದ ಫೋಟೋಗಳನ್ನು ಮಲಗಿಸಿದೆ. ಬ್ಯಾಕಪ್ ಡಿಸ್ಕ್ ಇತ್ತು, ಬಚಾವಾದೆ.

ಅಂದಿನಿಂದ ನನ್ನ ಕ್ರಮ ಒಂದೇ. ಏನಾದರೂ ವಿಚಿತ್ರ ಕಂಡರೆ ಮೊದಲು ಆ ಫೈಲನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಕ್ಯಾಟಲಾಗಿನ ಹೊರಗೆ, ಬೇರೆ ಎರಡು ಪ್ರೋಗ್ರಾಂಗಳಲ್ಲಿ ತೆರೆಯುತ್ತೇನೆ. ಅಲ್ಲಿ ಸರಿ ಕಂಡರೆ ಥಂಬ್‌ನೇಲಿನ ಮೇಲೆ ಗುಮಾನಿ. ಡಿಜಿಕ್ಯಾಮ್ ಥಂಬ್‌ನೇಲ್‌ಗಳನ್ನು ಪ್ರತ್ಯೇಕ ಡೇಟಾಬೇಸ್ ಫೈಲಿನಲ್ಲಿ ಇಡುತ್ತದೆ. ಮೇಂಟೆನೆನ್ಸ್ ಎಂಬಲ್ಲಿ ಹೋಗಿ ಅವನ್ನು ಹೊಸದಾಗಿ ಕಟ್ಟಿಸಬಹುದು. ಟ್ಯಾಗ್, ಶೀರ್ಷಿಕೆ ಇರುವುದು ಬೇರೆ ಡೇಟಾಬೇಸಿನಲ್ಲಿ, ಅದಕ್ಕೆ ಧಕ್ಕೆ ಇಲ್ಲ. ಆದರೆ ಹೆಸರು ಅದಲು ಬದಲು ಮಾಡಿಕೊಂಡು ಆ ಎರಡನೆಯದನ್ನು ಅಳಿಸಿದರೆ ವರ್ಷಗಳ ಶ್ರಮ ಹೋಯಿತು. ಅಳಿಸುವ ಬದಲು ಕಟ್ಟಿಸುವುದೇ ಕ್ಷೇಮ.

ಎಲ್ಲ ಕಡೆಯೂ ಅಡ್ಡವೇ ಕಂಡರೆ ತಪ್ಪು ಫೈಲಿನಲ್ಲಿದೆ. ನನ್ನ ನಿಕಾನ್ ಡಿ750 ಅನ್ನು ನೆಟ್ಟಗೆ ಹಿಡಿದರೂ ಅಡ್ಡ ಹಿಡಿದರೂ ಚಿತ್ರ ಬರೆಯುವುದು 6016 ಅಗಲ, 4016 ಎತ್ತರಕ್ಕೇ. ನೆಟ್ಟಗೆ ಹಿಡಿದಿದ್ದರೆ ಓರಿಯೆಂಟೇಶನ್ ಎಂಬಲ್ಲಿ 6 ಅಥವಾ 8 ಎಂದು ಬರೆದಿಡುತ್ತದೆ. 6 ಅಂದರೆ ಬಲಕ್ಕೆ ಕಾಲು ಸುತ್ತು ತಿರುಗಿಸಿ ತೋರಿಸು, 8 ಅಂದರೆ ಎಡಕ್ಕೆ. 1 ಇದ್ದರೆ ಇದ್ದ ಹಾಗೇ ತೋರಿಸು. ಹಿಂದೆ ಬಳಸುತ್ತಿದ್ದ ಒಂದು ಹಳೆಯ ಪ್ರೋಗ್ರಾಂ ಚಿತ್ರವನ್ನು ನಿಜವಾಗಿಯೇ ತಿರುಗಿಸಿ ಉಳಿಸುತ್ತಿತ್ತು, ಆದರೆ ಆ ಅಂಕೆಯನ್ನು 1 ಮಾಡಲು ಮರೆಯುತ್ತಿತ್ತು. ಕ್ಯಾಟಲಾಗ್ ಬಂದು ಅಂಕೆಯ ಮಾತು ಕೇಳಿ ಇನ್ನೊಂದು ಸಲ ತಿರುಗಿಸುತ್ತಿತ್ತು. ಇದನ್ನು ಹಿಡಿಯುವ ದಾರಿ ಸುಲಭ: ನನ್ನ ಕ್ಯಾಮೆರಾದ ಫೈಲಿನಲ್ಲಿ ಎತ್ತರ 6016 ಇದ್ದು, ಓರಿಯೆಂಟೇಶನ್ ಇನ್ನೂ 6 ಅಥವಾ 8 ಇದ್ದರೆ ಅದು ಎರಡು ಸಲ ತಿರುಗಿದ್ದು. ಎಕ್ಸಿಫ್‌ಟೂಲ್‌ಗೆ ಈ ಷರತ್ತು ಕೊಟ್ಟು ಅಂಥವನ್ನು ಮಾತ್ರ ಹೆಕ್ಕಿ, ಒಂದೊಂದನ್ನೂ ಕಣ್ಣಾರೆ ನೋಡಿ, ಅಂಕೆಯನ್ನು 1 ಮಾಡಿದೆ. ಎಕ್ಸಿಫ್‌ಟೂಲ್ ಫೈಲನ್ನು ಬದಲಿಸುವ ಮೊದಲು ಹಳೆಯದರ ಪ್ರತಿ ಉಳಿಸಿಕೊಳ್ಳುತ್ತದೆ. ಜಾಗ ಹಿಡಿಯುತ್ತದೆಂದು ಅದನ್ನು ಕೂಡಲೇ ಅಳಿಸಬೇಡಿ. ನಾನು ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ.

ಅರ್ಧ ಬೂದು ಬಣ್ಣಕ್ಕೆ ತಿರುಗಿದ ಫೋಟೋಗಳದ್ದು ಬೇರೆ ಕತೆ. ಥಂಬ್‌ನೇಲಿನಲ್ಲಿ ಪೂರ್ತಿ ಕಾಣುತ್ತದೆ, ದೊಡ್ಡದು ಮಾಡಿದರೆ ವೇಷದ ಸೊಂಟದಿಂದ ಕೆಳಗೆ ಬರೀ ಬೂದಿ. ಜೆಪೆಗ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ, ಚಿಕ್ಕ ಚಿಕ್ಕ ಚೌಕಗಳಾಗಿ ಬರೆಯುತ್ತಾರೆ. ಕಾಪಿ ಆಗುತ್ತಿರುವಾಗ ಕರೆಂಟ್ ಹೋಗಿ ಫೈಲ್ ತುಂಡಾದರೆ ಬಂದಷ್ಟು ಭಾಗ ಸರಿ, ಉಳಿದದ್ದು ಖಾಲಿ. ಪುಟ್ಟ ಚಿತ್ರ ಫೈಲಿನ ತಲೆಯಲ್ಲೇ ಇರುವುದರಿಂದ ಅದಕ್ಕೆ ಏನೂ ಆಗಿರುವುದಿಲ್ಲ. ಬೇಗ ತೋರಿಸಬೇಕೆಂದು ಕ್ಯಾಟಲಾಗ್ ಅದನ್ನೇ ಎತ್ತಿಕೊಂಡಿದ್ದರೆ ವರ್ಷಗಟ್ಟಲೆ ನಮಗೆ ಹಾನಿಯೇ ಗೊತ್ತಾಗುವುದಿಲ್ಲ. ನಡುವೆ ನಾಲ್ಕು ಬೈಟ್ ಕೆಟ್ಟರೆ ಇನ್ನೊಂದು ಥರ: ಅಲ್ಲಿಂದ ಕೆಳಗೆ ಚಿತ್ರ ಪಕ್ಕಕ್ಕೆ ಸರಿದು ಹಸಿರೋ ಗುಲಾಬಿಯೋ ಬಣ್ಣಕ್ಕೆ ತಿರುಗುತ್ತದೆ. ಪ್ರತಿ ಚೌಕದ ಸರಾಸರಿ ಬೆಳಕನ್ನು ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಬರೆದಿರುವುದರಿಂದ ಒಂದು ಲೆಕ್ಕ ತಪ್ಪಿದರೆ ಮುಂದಿನವೆಲ್ಲ ತಪ್ಪುತ್ತವೆ.

ಜೆಪೆಗ್ ಫೈಲ್ ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗಿ ಎಫ್‌ಎಫ್ ಡಿ9 ರಲ್ಲಿ ಮುಗಿಯಬೇಕು. ಕೊನೆಯದು ಇಲ್ಲದಿದ್ದರೆ ತುಂಡಾಗಿದೆ ಎಂದೇ ಲೆಕ್ಕ. ಆದರೆ ಅದು ಇದ್ದ ಮಾತ್ರಕ್ಕೆ ನಡುವೆ ಸರಿ ಎನ್ನಲಾಗದು. ಹಾಗಾಗಿ ಪೂರ್ತಿ ಬಿಡಿಸಿ ನೋಡುವ ಜೆಪೆಗ್‌ಇನ್ಫೋ ಎಂಬ ಸಣ್ಣ ಉಬುಂಟು ಪ್ರೋಗ್ರಾಂ ಅನ್ನು ಇಡೀ ಸಂಗ್ರಹದ ಮೇಲೆ ಒಂದು ರಾತ್ರಿ ಓಡಿಸಿದೆ. ಬೆಳಿಗ್ಗೆ 43 ಫೈಲ್ ಕೆಟ್ಟಿವೆ ಎಂದಿತು. ಬ್ಯಾಕಪ್ ನೋಡಿದೆ, ಅಲ್ಲಿಗೆ ಹೋಗಿದ್ದೂ ಕೆಟ್ಟ ಪ್ರತಿಯೇ. ಮನಸ್ಸು ಕುಸಿಯಿತು.

ಆಮೇಲೆ ನೆನಪಾಯಿತು: ಮುಖ್ಯ ಆಟಗಳನ್ನು ನಾನು ರಾ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಇಡುವ ಫೈಲ್) ಮತ್ತು ಜೆಪೆಗ್ ಎರಡರಲ್ಲೂ ತೆಗೆಯುತ್ತೇನೆ. ನಿಕಾನಿನ ರಾ ಫೈಲಿನೊಳಗೆ, ಕ್ಯಾಮೆರಾದ ಹಿಂಬದಿ ಪರದೆಯಲ್ಲಿ ತೋರಿಸಲು, ಒಂದು ಜೆಪೆಗ್ ಇರುತ್ತದೆ, ನನ್ನ ಕ್ಯಾಮೆರಾದಲ್ಲಿ ಪೂರ್ತಿ ಅಳತೆಯದ್ದೇ. ಎಕ್ಸಿಫ್‌ಟೂಲ್ ಅದನ್ನು ಹೊರಗೆ ತೆಗೆದುಕೊಡುತ್ತದೆ. ಗುಣಮಟ್ಟ ಸ್ವಲ್ಪ ಕಡಿಮೆ, ಆದರೆ ಕ್ಯಾಮೆರಾ ಅಂದು ಕೊಟ್ಟ ಬಣ್ಣವೇ. ಚೆನ್ನಾಗಿ ಮುದ್ರಿಸಬೇಕಾದವನ್ನು ಮಾತ್ರ ರಾದಿಂದ ಹೊಸದಾಗಿ ಸಂಸ್ಕರಿಸಿದೆ. 43 ರಲ್ಲಿ 36 ಹೀಗೆ ವಾಪಸು ಬಂದವು.

ಬಣ್ಣದ ಸಮಸ್ಯೆ ನನಗೆ ಸಿಕ್ಕಿದ್ದು ವಿಟ್ಲಪಿಂಡಿಯ ಹುಲಿವೇಷದಲ್ಲಿ. ರಥಬೀದಿಯ ಬಿಸಿಲಿಗೆ ಹೊಳೆಯಬೇಕಾದ ಹಳದಿ, ತೊಳೆದು ಒಣಹಾಕಿದ ಬಟ್ಟೆಯಂತೆ ಮಂಕಾಗಿತ್ತು. ಅದೇ ದಿನದ ಮೂಲ ಫೈಲ್‌ಗಳು ಮಾತ್ರ ಸರಿ ಇದ್ದವು. ಕೆಟ್ಟು ಕಾಣುತ್ತಿದ್ದದ್ದು ಚಿಕ್ಕದು ಮಾಡಿ ಉಳಿಸಿದ ಪ್ರತಿಗಳು. ಹೆಸರು ನೋಡಿ ಹೊಳೆಯಿತು: ಎಲ್ಲವೂ ಅಡಿಗೆರೆಯಿಂದ ಶುರುವಾಗುತ್ತಿದ್ದವು. ಕ್ಯಾಮೆರಾವನ್ನು ಅಡೋಬ್ ಆರ್‌ಜಿಬಿ ಎಂಬ ಬಣ್ಣದ ಪದ್ಧತಿಗೆ ಇಟ್ಟಿದ್ದರೆ ಫೈಲಿನ ಹೆಸರಿಗೆ ಮೊದಲು ಹೀಗೆ ಅಡಿಗೆರೆ ಬರುತ್ತದೆ. ಚಿಕ್ಕದು ಮಾಡಿದ ಪ್ರೋಗ್ರಾಂ, ಅಂಕೆಗಳನ್ನು ಯಾವ ಬಣ್ಣವೆಂದು ಓದಬೇಕೆಂದು ಹೇಳುವ ಬಣ್ಣದ ಪ್ರೊಫೈಲನ್ನು ಕಿತ್ತು ಬಿಸಾಡಿತ್ತು. ಪ್ರೊಫೈಲ್ ಇಲ್ಲದ ಫೈಲನ್ನು ಹೆಚ್ಚಿನ ಪ್ರೋಗ್ರಾಂಗಳು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಪದ್ಧತಿಯದ್ದು ಎಂದುಕೊಳ್ಳುತ್ತವೆ. ಎಸ್‌ಆರ್‌ಜಿಬಿಯ ಅಚ್ಚ ಕೆಂಪು 255 ಆದರೆ ಅದೇ ಕೆಂಪನ್ನು ಅಡೋಬ್ ಆರ್‌ಜಿಬಿಯಲ್ಲಿ 219 ಎಂದು ಬರೆಯುತ್ತಾರೆ. 219 ನ್ನು ಎಸ್‌ಆರ್‌ಜಿಬಿ ಎಂದು ಓದಿದರೆ ಕೆಂಪು ಕಪ್ಪಿಡುತ್ತದೆ, ಹಳದಿಗೆ ಬಿಳಿ ಬೆರೆತಂತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪ್ರೊಫೈಲ್ ಅಂಟಿಸುವುದು ಬೇರೆ, ಪರಿವರ್ತಿಸುವುದು ಬೇರೆ. ಅಂಟಿಸಿದರೆ ಅಂಕೆ ಹಾಗೇ ಇದ್ದು ಅರ್ಥ ಮಾತ್ರ ಸರಿಯಾಗುತ್ತದೆ; ಪರಿವರ್ತಿಸಿದರೆ ಅಂಕೆಗಳೇ ಬದಲಾಗುತ್ತವೆ. ಮೊದಲು ಅಡೋಬ್ ಆರ್‌ಜಿಬಿ ಪ್ರೊಫೈಲ್ ಅಂಟಿಸಿ, ಹಳದಿ ಮರಳಿ ಬಂತೇ ನೋಡಿ, ಆಮೇಲೆ ಫೋನಿಗೆ ಕಳಿಸುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಬೇಕು. ಕೆಲವರು ಸ್ಯಾಚುರೇಶನ್ ಏರಿಸಿ ಸರಿ ಮಾಡಲು ಹೋಗುತ್ತಾರೆ. ದಯವಿಟ್ಟು ಬೇಡ. ಹುಲಿಯ ಹಳದಿ ಬಂದರೂ ಮುಖದ ಬಣ್ಣ ಹೋಗುತ್ತದೆ.

ಮಂಗಳೂರಿನ ಗೆಳೆಯನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಲೈಟ್‌ರೂಮ್ ಎಂಬ ಇನ್ನೊಂದು ಕ್ಯಾಟಲಾಗ್ ಪ್ರೋಗ್ರಾಂನ ಎಲ್ಲ ಫೋಟೋಗಳೂ ಹಳದಿಯಾಗಿದ್ದವು, ಬ್ರೌಸರಿನಲ್ಲಿ ಮಾತ್ರ ಸರಿ. ಎಲ್ಲವೂ ಒಟ್ಟಿಗೆ ಕೆಟ್ಟಿದ್ದರೆ ಫೈಲ್ ಕಾರಣವಾಗಿರುವುದು ಅಪರೂಪ. ಮಾನಿಟರಿನ ಪ್ರೊಫೈಲ್ ಕೆಟ್ಟಿತ್ತು; ವಿಂಡೋಸ್‌ನ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಸ್‌ಆರ್‌ಜಿಬಿ ಇಟ್ಟ ಕೂಡಲೇ ಸರಿಯಾಯಿತು. ಇನ್ನು ತೆರೆಯಲೇ ಒಪ್ಪದ ಜೆಪೆಗ್‌ಗಳು ಅನೇಕ ಸಲ ಐಫೋನಿನ ಹೀಕ್ (HEIC) ಫೈಲ್‌ಗಳು, ಯಾರೋ ಹೆಸರಿನ ಕೊನೆಯ ಬಾಲ ಬದಲಿಸಿ ಕಳಿಸಿರುತ್ತಾರೆ. ಎಕ್ಸಿಫ್‌ಟೂಲ್ ಹೆಸರನ್ನು ನಂಬದೆ ಒಳಗೆ ನೋಡಿ ನಿಜವಾದ ಜಾತಿ ಹೇಳುತ್ತದೆ.

ಅಡಗಿದ ಪುಟ್ಟ ಚಿತ್ರದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ತೆಗೆದ ಒಂದು ಫೋಟೋದ ಅಂಚಿನಲ್ಲಿ ಬಟ್ಟೆ ಬದಲಿಸುತ್ತಿದ್ದ ಕಲಾವಿದರೊಬ್ಬರಿದ್ದರು. ಅವರನ್ನು ಬಿಟ್ಟು ಕ್ರಾಪ್ ಮಾಡಿ ಮೇಳದವರಿಗೆ ಕಳಿಸಲು ಸಿದ್ಧ ಮಾಡಿದ್ದೆ. ಕ್ಯಾಟಲಾಗಿನಲ್ಲಿ ನೋಡಿದರೆ ಅವರು ಇನ್ನೂ ಇದ್ದಾರೆ! ದೊಡ್ಡ ಚಿತ್ರ ಕ್ರಾಪ್ ಆಗಿತ್ತು, ಎಡಿಟರ್ ಒಳಗಿನ ಪುಟ್ಟದನ್ನು ಬದಲಿಸಿಯೇ ಇರಲಿಲ್ಲ. ಹಾಗೇ ಕಳಿಸಿದ್ದರೆ ಆ ಫೈಲ್ ಸಿಕ್ಕ ಯಾರಾದರೂ ಅವರನ್ನು ನೋಡಬಹುದಿತ್ತು. ಚೌಕಿಗೆ ನಮ್ಮನ್ನು ಬಿಡುವುದು ನಂಬಿಕೆಯ ಮೇಲೆ. ಈಗ ಚೌಕಿಯ ಯಾವ ಫೋಟೋ ಹೊರಗೆ ಹೋಗುವುದಿದ್ದರೂ ಎಕ್ಸಿಫ್‌ಟೂಲ್‌ನಲ್ಲಿ ಒಳಗಿನ ಪುಟ್ಟ ಚಿತ್ರವನ್ನು ಅಳಿಸಿಯೇ ಕಳಿಸುತ್ತೇನೆ.

ರಾ ಇಲ್ಲದೆ ಉಳಿದುಹೋದ ಆ 7 ಫೈಲ್‌ಗಳು ಇನ್ನೂ ಕ್ಯಾಟಲಾಗಿನಲ್ಲಿವೆ. ‘ಅರ್ಧ’ ಎಂಬ ಟ್ಯಾಗ್ ಹಾಕಿದ್ದೇನೆ, ಯಾರೂ ಗೊತ್ತಿಲ್ಲದೆ ಮುದ್ರಣಕ್ಕೆ ಕಳಿಸಬಾರದೆಂದು. ಅದರಲ್ಲಿ ಎರಡು ಆ ಹಿರಿಯರದ್ದೇ. ಕಿರೀಟ, ಮುಖ, ಎದೆಪದಕದವರೆಗೆ ಸ್ಪಷ್ಟ ಇದೆ. ಕಳೆದ ಮಳೆಗಾಲ ಅವರು ಮತ್ತೆ ಬಂದಿದ್ದಾಗ ತೋರಿಸಿದೆ. ಬೂದು ಭಾಗವನ್ನು ಕೈಯಲ್ಲಿ ಮುಚ್ಚಿ ನೋಡಿ, “ಇಷ್ಟನ್ನೇ ಪ್ರಿಂಟ್ ಹಾಕಿ ಕೊಡು, ಮುಖದ ಬರವಣಿಗೆ ಚಂದ ಬಂದಿದೆ” ಅಂದರು. ಹಾಕಿಸಿ ಕೊಟ್ಟೆ.