ಮನೆಯಲ್ಲೊಂದು ಟಿಕಿ ಬಾರ್: ಮೊದಲು ಬಾದಾಮಿ ನೆನೆಹಾಕಿ

ಟಿಕಿ ಬಾರ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, 1930ರ ದಶಕದಲ್ಲಿ. ಹಾಲಿವುಡ್‌ನಲ್ಲಿ ಡಾನ್ ಬೀಚ್, ನಾನಿರುವ ಫ್ರೀಮಾಂಟ್‌ಗೆ ಹತ್ತಿರದ ಓಕ್ಲೆಂಡ್‌ನಲ್ಲಿ 'ಟ್ರೇಡರ್ ವಿಕ್' ಬರ್ಜೆರಾನ್ ಇದನ್ನು ಶುರುಮಾಡಿದರು. ಬಿದಿರು, ಮಂದ ದೀಪ, ರಮ್, ಹಣ್ಣಿನ ರಸ. ಒಳಗೆ ಕಾಲಿಟ್ಟರೆ ಯಾವುದೋ ದ್ವೀಪಕ್ಕೆ ಬಂದ ಹಾಗೆ.

ಗೋಡೆಗೆ ಬಿದಿರು ಹೊಡೆಯುವುದು ಆಮೇಲಾಯ್ತು. ಮೊದಲು ವಿಕ್ ಅವರ 1944ರ ಮಾಯ್ ಟಾಯ್ ಎಂಬ ರಮ್ ಕಾಕ್‌ಟೇಲ್ ಒಂದನ್ನು ಚೆನ್ನಾಗಿ ಕಲಿಯಿರಿ. ಅದರ ಜೀವ ಓರ್ಜಾ ಎಂಬ ಬಾದಾಮಿ ಸಿರಪ್‌ನಲ್ಲಿದೆ. ಅಗ್ಗದ ಬಾಟಲಿಗಳಲ್ಲಿ ಎಸೆನ್ಸ್ ವಾಸನೆಯೇ ಜಾಸ್ತಿ. ಬಾದಾಮಿ ಹಾಲು ಮಾಡಿ ಗೊತ್ತಿರುವ ನಮಗೆ ಇದೇನು ಕಷ್ಟ, ಅಲ್ವಾ?

ಒಂದು ಲೋಟ ಬಾದಾಮಿ ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ಎರಡು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ. ತೆಳು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಬಂದ ಹಾಲಿನಷ್ಟೇ ಸಕ್ಕರೆ ಸೇರಿಸಿ, ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸಬೇಡಿ. ಆರಿದ ಮೇಲೆ ಕಿತ್ತಳೆ ಹೂವಿನ ನೀರು ಕೆಲವು ಹನಿ, ಇಲ್ಲದಿದ್ದರೆ ಪನ್ನೀರು. ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಮೇಲೆ ಕೆನೆಯಂತೆ ಕಟ್ಟಿದರೆ ಗಾಬರಿ ಬೇಡ, ಬಾಟಲಿ ಅಲ್ಲಾಡಿಸಿದರೆ ಸಾಕು.

ಈಗ ಅಳತೆ. ಹಳೆಯ ಜಮೈಕಾ ರಮ್ 60 ಮಿಲಿ, ಒಂದು ಹಸಿರು ನಿಂಬೆಯ ರಸ, ಆರೆಂಜ್ ಕ್ಯುರಸಾವ್ (ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ) 15 ಮಿಲಿ, ಓರ್ಜಾ ಮತ್ತು ಸಕ್ಕರೆ ಪಾಕ ಏಳೇಳು ಮಿಲಿ. ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿ. ಎಲ್ಲ ಸೇರಿಸಿ ಜೋರಾಗಿ ಕುಲುಕಿ, ಐಸ್ ಸಮೇತ ಲೋಟಕ್ಕೆ ಸುರಿಯಿರಿ. ಹಿಂಡಿದ ನಿಂಬೆ ಹೋಳನ್ನು ಮೇಲೆ ಕವುಚಿ ಹಾಕಿ. ಪುದೀನ ಕುಡಿಯನ್ನು ಅಂಗೈಯಲ್ಲಿ ಒಮ್ಮೆ ತಟ್ಟಿ ಪಕ್ಕದಲ್ಲಿ ನೆಡಿ. ಹೋಳು ದ್ವೀಪ, ಪುದೀನ ತೆಂಗಿನ ಮರ. ಕುಡಿಯುವಾಗ ಮೂಗಿಗೆ ಮೊದಲು ಪುದೀನ ಬಡಿಯಬೇಕು. ಸ್ಟ್ರಾ ಗಿಡ್ಡವಾಗಿರಲಿ. ಮೂಲದಲ್ಲಿ ಅನಾನಸ್ ಇಲ್ಲ, ಅದು ಆಮೇಲೆ ಹವಾಯಿಯಲ್ಲಿ ಸೇರಿದ್ದು. ನಾನಂತೂ ಹಾಕುವುದಿಲ್ಲ.

ಟ್ಯೂಬ್‌ಲೈಟ್ ಆರಿಸಿ, ಮೂಲೆಯಲ್ಲಿ ಹಳದಿ ಬಲ್ಬ್ ಒಂದನ್ನೇ ಹಚ್ಚಿ. ಮಾರ್ಟಿನ್ ಡೆನ್ನಿ ಅವರ ಸಂಗೀತ ಸಣ್ಣಗೆ ಹಾಕಿ. ಅದರಲ್ಲಿ ಅವರ ವಾದ್ಯಗಾರರೇ ಹಕ್ಕಿ, ಕಪ್ಪೆಗಳ ಕೂಗು ಹಾಕಿದ್ದಾರೆ. ಟಿಕಿ ವಿಗ್ರಹದ ಮುಖವಿರುವ ಮಗ್ ಕೊಳ್ಳುವಾಗ ಸ್ವಲ್ಪ ಯೋಚಿಸಿ. ಮಾವೊರಿ ಮತ್ತಿತರ ಪಾಲಿನೇಷ್ಯಾದ ಜನರಿಗೆ ಟಿಕಿ ಪೂರ್ವಜರ ರೂಪ, ಸುಮ್ನೆ ಆಟದ ಗೊಂಬೆಯಲ್ಲ. ನಾನು ಅಂಥ ಮಗ್ ಇಟ್ಟುಕೊಂಡಿಲ್ಲ. ತೆಂಗಿನ ಚಿಪ್ಪಿನ ಬಟ್ಟಲಲ್ಲೇ ಕೊಡುತ್ತೇನೆ.

ರಮ್ ಬೇಡ ಅನ್ನುವವರಿಗೆ ಅನಾನಸ್ ರಸ, ನಿಂಬೆ, ಓರ್ಜಾ, ಸೋಡಾ ಬೆರೆಸಿ, ಮೇಲೆ ಜಾಯಿಕಾಯಿ ತುರಿಯಿರಿ. ನಮ್ಮತ್ತೆ ಇಲ್ಲಿಗೆ ಬಂದಾಗಲೆಲ್ಲ ಕೇಳುವುದು ಇದನ್ನೇ, ಐಸ್ ಮಾತ್ರ ಕಮ್ಮಿ.