ನೀರಿನೊಳಗೂ ಬಾಯಿ ಮುಚ್ಚದ ಬಲೆ

ಬಂದರಿನ ಧಕ್ಕೆಯ ಮೇಲೆ ಹರಡಿದಾಗ ಎಲ್ಲ ಬಲೆಯೂ ಚಂದವೇ. ಆ ಕಡೆ ಇಬ್ಬರು, ಈ ಕಡೆ ಇಬ್ಬರು ರೆಕ್ಕೆ ಹಿಡಿದು ಎಳೆದರೆ ಬಾಯಿ ಅಗಲಕ್ಕೆ ತೆರೆಯುತ್ತದೆ. ಬೋಟಿನ ಯಜಮಾನರಿಗೆ ಖುಷಿ. ಆದರೆ ಬಲೆ ದುಡಿಯುವುದು 30 ಮೀಟರ್ ಕೆಳಗೆ, ಕೆಸರಿನ ಮೇಲೆ. ಅಲ್ಲಿ ಹಿಡಿದು ಎಳೆಯಲು ಯಾರೂ ಇಲ್ಲ, ನೋಡಲು ಸಹ ಯಾರೂ ಇಲ್ಲ.

ನಾನು ಮಲ್ಪೆಯಲ್ಲಿ ಟ್ರಾಲ್ ಬಲೆ, ಅಂದರೆ ಬೋಟು ಸಮುದ್ರದ ನೆಲದ ಮೇಲೆ ಎಳೆದುಕೊಂಡು ಹೋಗುವ ಬಲೆ ಮಾಡುತ್ತೇನೆ. ಅಪ್ಪ ರಂಪಣಿಗೆ ಹೋಗುತ್ತಿದ್ದರು. ರಂಪಣಿಯಲ್ಲಿ ಬಲೆಯ ಬಾಯಿ ಅಗಲ ಇಡುವುದು ಮನುಷ್ಯರೇ. ದಡದ ಮೇಲೆ ಎರಡು ಸಾಲು ಜನ ದೂರ ದೂರ ನಿಂತು ಹಗ್ಗ ಎಳೆಯುತ್ತಾ ಬರುತ್ತಾರೆ. ಜನ ಹತ್ತಿರ ಬಂದಷ್ಟು ಬಲೆಯ ಬಾಯಿ ಕಿರಿದಾಗುತ್ತದೆ. ಟ್ರಾಲ್ ಬೋಟು ಒಂದೇ. ಬಲೆ ಕಟ್ಟಿದ ಎರಡು ಉಕ್ಕಿನ ವಯರನ್ನೂ ಒಂದೇ ಕಡೆ ಎಳೆಯುತ್ತದೆ. ಸುಮ್ನೆ ಎಳೆದರೆ ಎರಡೂ ರೆಕ್ಕೆ ಒಂದಕ್ಕೊಂದು ಅಂಟಿಕೊಂಡು ಬರಬೇಕು. ಹಾಗಾಗದಂತೆ ತಡೆಯುವುದು ವಯರಿಗೂ ಬಲೆಗೂ ನಡುವೆ ಇರುವ ಎರಡು ಬೋರ್ಡು. ಮರ ಮತ್ತು ಕಬ್ಬಿಣದ ಎರಡು ಹಲಗೆ, ನೀರಿಗೆ ಓರೆಯಾಗಿ ನಿಂತು ಹೋಗುತ್ತವೆ. ನೀರು ತಳ್ಳಿದಾಗ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಸರಿಯುತ್ತದೆ. ಅಗಲ ಬರುವುದು ಇದರಿಂದ. ಎತ್ತರ ಬರುವುದು ಮೇಲ್ಹಗ್ಗದ ಬೆಂಡು (ತೇಲುವ ಗುಂಡು) ಮತ್ತು ಕೆಳಹಗ್ಗದ ಸರಪಳಿಯಿಂದ. ಇಷ್ಟನ್ನು ನಾನು ಹುಡುಗನಾಗಿದ್ದಾಗಲೇ ಬಲ್ಲೆ. ಆದರೆ ಇವು ಒಂದಕ್ಕೊಂದು ಎಷ್ಟು ಬೇಕು ಅನ್ನುವುದು ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ನಾನು ಕೆಡಿಸಿದ ಒಂದು ಬಲೆ.

ಅದು 2006ರ ಮಳೆಗಾಲ. ಬೋಟುಗಳೆಲ್ಲ ಮೇಲೆ ಬಂದಿದ್ದವು. ಪರಿಚಯದ ಒಬ್ಬರು ಬಂದು, 24 ಮೀಟರ್ ಮೇಲ್ಹಗ್ಗದ ಬಲೆ ಸಾಕಾಗುವುದಿಲ್ಲ, 32 ಮೀಟರಿನದು ಬೇಕು ಅಂದರು. ನಾನು ಹಳೆಯ ಬಲೆಯ ಲೆಕ್ಕ ತೆಗೆದು ಎಲ್ಲವನ್ನೂ ಮೂರಕ್ಕೆ ನಾಲ್ಕರಂತೆ ಹೆಚ್ಚಿಸಿದೆ. ಬಲೆಯ ಕಣ್ಣಿನ ಅಳತೆ ಅದೇ, ದಾರ ಅದೇ, ಬೋರ್ಡು ಹಳೆಯದೇ. ದೊಡ್ಡ ಬಲೆ, ಜಾಸ್ತಿ ಮೀನು. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಆಗಸ್ಟಿನಲ್ಲಿ ಬೋಟು ಹೋಗಿ ಬಂತು. ತಾಂಡೇಲ, ಅಂದರೆ ಬೋಟು ನಡೆಸುವವನು, ನೇರ ನನ್ನ ಶೆಡ್ಡಿಗೆ ಬಂದ.

"ಎಂತದು ಅಣ್ಣ ಇದು? ಇಂಜಿನ್ ಹೊಗೆ ಬಿಡ್ತದೆ, ಬಲೆ ಬರುವುದೇ ಇಲ್ಲ. ಹಳೆ ಬಲೆಯ ಅರ್ಧ ಮೀನು ಸಹ ಇಲ್ಲ."

ನಾನು ಬೆಂಡು ಕಡಿಮೆಯಾಗಿರಬೇಕು ಅಂದೆ. ಇನ್ನೂ ಎಂಟು ಬೆಂಡು ಕಟ್ಟಿ ಕಳಿಸಿದೆ. ಮುಂದಿನ ಟ್ರಿಪ್ಪಿನಲ್ಲಿ ನೆಲದಲ್ಲಿ ಸಿಗುವ ನಂಗು ಮೀನು ಸಹ ನಿಂತುಹೋಯಿತು. ಬಲೆ ಇಳಿಸಿದಾಗ ನಾನು ಕೆಳಹಗ್ಗವನ್ನು ಕೈಯಲ್ಲಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನಡೆದೆ. ರೆಕ್ಕೆಯ ಹತ್ತಿರ ಸರಪಳಿಯ ಕೊಂಡಿಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ನಡುವೆ ಸುಮಾರು ನಾಲ್ಕು ಮೀಟರ್ ಉದ್ದಕ್ಕೆ ಕೆಂಪು ತುಕ್ಕು. ನೆಲ ಮುಟ್ಟಿದ ಸರಪಳಿಗೆ ತುಕ್ಕು ಹಿಡಿಯುವುದಿಲ್ಲ. ನಡುಭಾಗ ನೆಲ ಬಿಟ್ಟು ಮೇಲೆ ತೇಲುತ್ತಿತ್ತು. ನಂಗು, ಸಿಗಡಿ ಎಲ್ಲ ಅದರ ಅಡಿಯಿಂದಲೇ ಹೋಗಿವೆ. ಅವತ್ತಿನಿಂದ ಇವತ್ತಿನವರೆಗೆ ಯಾರ ಬಲೆ ಬಂದರೂ ನಾನು ಮೊದಲು ನೋಡುವುದು ಸರಪಳಿಯನ್ನು.

ಆ ಸಮಯದಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಒಬ್ಬರು ನಮ್ಮ ಕಡೆ ಬರುತ್ತಿದ್ದರು. ನನ್ನ ಕಷ್ಟ ಕೇಳಿ, "ಬಲೆ ಎಷ್ಟು ಅಗಲ ತೆರೀತಿದೆ?" ಅಂದರು. ಯಾರು ಇಳಿದು ನೋಡಿದ್ದಾರೆ ಸರ್ ಅಂದೆ. ಇಳಿಯಬೇಕಾಗಿಲ್ಲ, ಬೋಟಿನ ಮೇಲೆಯೇ ಗೊತ್ತಾಗುತ್ತದೆ ಅಂದರು. ಮರುದಿನ ನಾವಿಬ್ಬರೂ ಅದೇ ಬೋಟಿನಲ್ಲಿ ಹೋದೆವು. ಅವರ ಕೈಯಲ್ಲಿ ಇದ್ದದ್ದು ಒಂದು ಟೇಪು, ಒಂದು ಮೀಟರಿನ ಕೋಲು.

ಈ ಅಳತೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಖರ್ಚಿಲ್ಲದೆ ಯಾರು ಬೇಕಾದರೂ ಮಾಡಬಹುದು. ಬೋಟಿನ ಹಿಂದೆ ಎರಡು ವಯರ್ ಎರಡು ರಾಟೆಯಿಂದ ಇಳಿಯುತ್ತವೆ. ರಾಟೆಗಳ ನಡುವಿನ ದೂರ ಅಳೆಯಿರಿ. ನಮ್ಮ ಬೋಟಿನಲ್ಲಿ ಸರಿಯಾಗಿ 3 ಮೀಟರ್ ಇತ್ತು. ಈಗ ರಾಟೆಯಿಂದ ಒಂದು ಮೀಟರ್ ಹಿಂದಕ್ಕೆ ವಯರಿನ ಮೇಲೆ ಗುರುತು ಮಾಡಿ, ಅಲ್ಲಿ ಎರಡು ವಯರಿನ ನಡುವಿನ ದೂರ ಅಳೆಯಿರಿ. ವಯರುಗಳು ಹಿಂದೆ ಹೋದಂತೆ ಅಗಲವಾಗುತ್ತಾ ಹೋಗುತ್ತವಲ್ವಾ? ಒಂದು ಮೀಟರಿಗೆ ಎಷ್ಟು ಅಗಲವಾಯಿತೋ ಅದನ್ನು ನೀರಿಗೆ ಬಿಟ್ಟ ವಯರಿನ ಉದ್ದದಿಂದ ಗುಣಿಸಿ, ರಾಟೆಗಳ ದೂರ ಕೂಡಿಸಿ. ಬಂದದ್ದು ಎರಡು ಬೋರ್ಡುಗಳ ನಡುವಿನ ದೂರ.

ಅವತ್ತು ಬಂದದ್ದು 3 ಮೀಟರ್ 5 ಸೆಂಟಿಮೀಟರ್. ವಯರ್ ನಡುಗುತ್ತಾ ಇರುತ್ತದೆ, ಅದಕ್ಕೆ ಐದು ಸಲ ಅಳೆದೆವು. ಐದು ಸೆಂಟಿಮೀಟರೇ. ಬಿಟ್ಟ ವಯರ್ 180 ಮೀಟರ್. ಅಂದರೆ 9 ಮೀಟರ್, ಮೇಲೆ 3, ಒಟ್ಟು 12. ಇದು ಬೋರ್ಡಿನಿಂದ ಬೋರ್ಡಿಗೆ. ಬೋರ್ಡಿನಿಂದ ರೆಕ್ಕೆಯ ತುದಿಯವರೆಗೆ 20 ಮೀಟರ್ ಹಗ್ಗ, ಅಲ್ಲಿಂದ ಮೀನು ತುಂಬುವ ಚೀಲದ ತುದಿಯವರೆಗೆ 40 ಮೀಟರ್ ಬಲೆ. ಬೋರ್ಡಿನಿಂದ ಚೀಲದ ತುದಿಯವರೆಗೆ ಅಗಲ ಒಂದೇ ಸಮ ಕಿರಿದಾಗುತ್ತಾ ಹೋಗುತ್ತದೆ ಅಂತ ಲೆಕ್ಕ. 60ರಲ್ಲಿ 40, ಅಂದರೆ ಮೂರರಲ್ಲಿ ಎರಡು ಪಾಲು. 12ರ ಮೂರರಲ್ಲಿ ಎರಡು ಪಾಲು 8. ನಾನು 32 ಮೀಟರಿನ ಬಲೆ ಅಂತ ಮಾಡಿಕೊಟ್ಟದ್ದು ನೀರಿನೊಳಗೆ 8 ಮೀಟರ್ ಬಾಯಿ ತೆರೆದು ಹೋಗುತ್ತಿತ್ತು. ಮೇಲ್ಹಗ್ಗದ ಉದ್ದದ ಅರ್ಧದಷ್ಟು ಅಗಲ ಬಂದರೆ ಒಳ್ಳೆಯ ಬಲೆ. ನನ್ನದು ಕಾಲು ಭಾಗ. ಆ ಲೆಕ್ಕವನ್ನು ಸಿಗರೇಟ್ ಪ್ಯಾಕೆಟ್ಟಿನ ಹಿಂದೆ ಬರೆದಿದ್ದೆ. ತಾಂಡೇಲನ ಮುಖ ನೋಡಲು ಆಗಲಿಲ್ಲ.

ತಪ್ಪು ಎಲ್ಲಿ ಅಂತ ಸರ್ ಬೋಟಿನಲ್ಲೇ ಹೇಳಿದರು. ನೀರು ಬಲೆಯನ್ನು ಹಿಂದಕ್ಕೆ ಎಳೆಯುವುದು ಅದರಲ್ಲಿರುವ ದಾರವನ್ನು ಹಿಡಿದು. ಉದ್ದ, ಅಗಲ ಎರಡನ್ನೂ ಮೂರಕ್ಕೆ ನಾಲ್ಕು ಮಾಡಿದರೆ ದಾರ ಒಂಬತ್ತಕ್ಕೆ ಹದಿನಾರು ಆಗುತ್ತದೆ. ಮುಕ್ಕಾಲು ಪಾಲಿಗಿಂತಲೂ ಜಾಸ್ತಿ ಎಳೆತ. ಬೋರ್ಡು ಮಾತ್ರ ಅದೇ ಐದಡಿ ಉದ್ದ, ಎರಡೂವರೆ ಅಡಿ ಎತ್ತರದ್ದು. ಅದು ಎಷ್ಟು ಅಂತ ತಳ್ಳೀತು?

ದೊಡ್ಡ ಬೋರ್ಡು ಹಾಕಬಹುದಿತ್ತು. ಆದರೆ ಇಂಜಿನ್ ಆಗಲೇ ಏದುಸಿರು ಬಿಡುತ್ತಿತ್ತು. ನಾನು ದಾರ ಕಡಿಮೆ ಮಾಡಿದೆ. ರೆಕ್ಕೆಯಲ್ಲಿ 60 ಮಿಲಿಮೀಟರ್ ಕಣ್ಣು ಇತ್ತು, 120 ಮಾಡಿದೆ. ಅದೇ ಅಳತೆಯ ತುಂಡಿಗೆ ಕಣ್ಣು ಎರಡು ಪಟ್ಟು ದೊಡ್ಡದಾದರೆ ದಾರ ಅರ್ಧಕ್ಕೆ ಇಳಿಯುತ್ತದೆ. ಮೀನು ತೂರಿಹೋಗುವುದಿಲ್ಲವೇ ಅಂತ ಯಜಮಾನರು ಕೇಳಿದರು. ರಾಣಿ ಮೀನಿನಂಥವು ರೆಕ್ಕೆ ಕಂಡು ಹೆದರಿ ನಡುವಿಗೆ ಸರಿಯುತ್ತವೆ, ರೆಕ್ಕೆ ಬೇಲಿಯಿದ್ದ ಹಾಗೆ. ಸಿಗಡಿ ಹಾಗಲ್ಲ, ಅದು ಬೆದರಿ ಸರಿದು ಬರುವುದಿಲ್ಲ. ಹಾಗಾಗಿ ಸಿಗಡಿ ಬಲೆಗೆ ನಾನು ಇವತ್ತಿಗೂ ದೊಡ್ಡ ಕಣ್ಣಿನ ರೆಕ್ಕೆ ಹಾಕುವುದಿಲ್ಲ.

ಇಷ್ಟು ಮಾಡಿದ ಮೇಲೆ ಅಂತರ 5ರಿಂದ 8 ಸೆಂಟಿಮೀಟರಿಗೆ ಬಂತು. ಇನ್ನೂ ಸಾಲದು. ಆಗ ಬೋರ್ಡು ನೋಡಿದೆವು. ಬೋರ್ಡಿನ ಅಡಿಗೆ ಕಬ್ಬಿಣದ ಪಟ್ಟಿ ಇರುತ್ತದೆ, ನೆಲಕ್ಕೆ ತಾಗುವ ಭಾಗ. ಸರಿಯಾಗಿ ಹೋಗುವ ಬೋರ್ಡಿನ ಪಟ್ಟಿ ಉದ್ದಕ್ಕೂ ಸವೆದು ಹೊಳೆಯಬೇಕು. ನಮ್ಮದರಲ್ಲಿ ಹಿಂದಿನ ಒಂದಡಿ ಮಾತ್ರ ಹೊಳೆಯುತ್ತಿತ್ತು, ಮುಂದೆ ಪೂರ್ತಿ ತುಕ್ಕು. ಅಂದರೆ ಬೋರ್ಡು ಮೂಗು ಎತ್ತಿಕೊಂಡು ಹೋಗುತ್ತಿದೆ. ವಯರ್ ಕಡಿಮೆ ಬಿಟ್ಟರೆ ಹಾಗಾಗುತ್ತದೆ. ಆದರೆ ನಾವು 30 ಮೀಟರ್ ಆಳಕ್ಕೆ ಆರು ಪಟ್ಟು ಬಿಟ್ಟಿದ್ದೆವು, ಅದು ಧಾರಾಳ. ಮತ್ತೆ ಬೋರ್ಡಿನ ಹಿಂದಿನ ಎರಡು ಸರಪಳಿ ಅಳೆದೆ. ಮೇಲಿನದು ಕೆಳಗಿನದಕ್ಕಿಂತ ಗಿಡ್ಡ. ಬಲೆಯ ಭಾರವೆಲ್ಲ ಮೇಲಿನ ಸರಪಳಿಯ ಮೇಲೆ ಬಿದ್ದು ಬೋರ್ಡಿನ ತಲೆಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಮೇಲಿನದಕ್ಕೆ ಎರಡು ಕೊಂಡಿ ಸೇರಿಸಿದೆ. ಎರಡೇ ಕೊಂಡಿ! ಮುಂದಿನ ಟ್ರಿಪ್ಪಿನಲ್ಲಿ 11 ಸೆಂಟಿಮೀಟರ್ ಬಂತು. ಲೆಕ್ಕ ಹಾಕಿದರೆ ರೆಕ್ಕೆಯಿಂದ ರೆಕ್ಕೆಗೆ 15 ಮೀಟರ್.

ಬೆಂಡಿನ ವಿಷಯದಲ್ಲಿ ನನ್ನ ತಿಳಿವಳಿಕೆ ಪೂರ್ತಿ ಬದಲಾಯಿತು. 8 ಇಂಚಿನ ಒಂದು ಬೆಂಡು ತನ್ನ ತೂಕ ಕಳೆದು ಸುಮಾರು 3 ಕಿಲೋ ಎತ್ತುತ್ತದೆ. ಬೋಟು ನಿಧಾನ ಹೋದರೂ 3 ಕಿಲೋ, ಜೋರಾಗಿ ಹೋದರೂ 3 ಕಿಲೋ. ಆದರೆ ನೀರಿನ ಎಳೆತ ಹಾಗಲ್ಲ. ಬೋಟಿನ ವೇಗ ಅಳೆಯುವುದು ನಾಟಿನಲ್ಲಿ. 2 ನಾಟಿನಿಂದ 3 ನಾಟಿಗೆ ಹೋದರೆ ವೇಗ ಒಂದೂವರೆ ಪಟ್ಟು, ಎಳೆತ ಎರಡೂಕಾಲು ಪಟ್ಟು. ಅದಕ್ಕೇ ವೇಗ ಹೆಚ್ಚಿಸಿದರೆ ಮೇಲ್ಹಗ್ಗ ಕೆಳಗೆ ಬರುತ್ತದೆ, ಬಾಯಿ ಚಪ್ಪಟೆಯಾಗುತ್ತದೆ. ಈಗ ನಾನು ಬಲೆ ಕೇಳಿ ಬಂದವರಿಗೆ ಮೊದಲು ಕೇಳುವುದು, ಎಷ್ಟು ನಾಟಿನಲ್ಲಿ ಎಳೀತೀರಿ, ಯಾವ ಮೀನಿಗೆ ಅಂತ. ಅದು ತಿಳಿಯದೆ ಬೆಂಡು ಎಣಿಸಿ ಪ್ರಯೋಜನವಿಲ್ಲ.

ಕಣ್ಣಾರೆ ನೋಡಬೇಕು ಅನ್ನುವ ಆಸೆ ಆಮೇಲೂ ಹೋಗಲಿಲ್ಲ. ಮುಂದಿನ ಜನವರಿಯಲ್ಲಿ ಹತ್ತರಲ್ಲಿ ಒಂದರ ಅಳತೆಗೆ ಸಣ್ಣ ಬಲೆ ಕಟ್ಟಿದೆ. ಕೋಡಿ ಬೆಂಗ್ರೆಯಲ್ಲಿ ಹೊಳೆ ಸಮುದ್ರ ಸೇರುವ ಜಾಗದ ಒಳಗೆ, ಭರತ ಇಳಿತ ಎರಡೂ ನಿಂತ ಹೊತ್ತಿನಲ್ಲಿ, ತಂಗಿಯ ಮಗ ಮತ್ತು ಅವನ ಗೆಳೆಯ ಸೊಂಟದ ನೀರಿನಲ್ಲಿ ಎರಡು ಕೋಲು ಹಿಡಿದು ಎಳೆದರು. ಮಾದರಿಯನ್ನು ಬೋಟಿನ ವೇಗದಲ್ಲಿ ಎಳೆಯಬಾರದು. ಹತ್ತರ ವರ್ಗಮೂಲದಿಂದ ಭಾಗಿಸಬೇಕು, ಅಂದರೆ ಎರಡೂವರೆ ನಾಟಿನ ಬದಲು ಒಂದು ನಾಟಿಗಿಂತಲೂ ಕಡಿಮೆ. ಸೆಕೆಂಡಿಗೆ 40 ಸೆಂಟಿಮೀಟರ್, ಬಹಳ ನಿಧಾನದ ನಡಿಗೆ. ಹುಡುಗರಿಗೆ ಅದೇ ಕಷ್ಟವಾಯಿತು, "ಮೆಲ್ಲ, ಮೆಲ್ಲ" ಅಂತ ಹೇಳುತ್ತಲೇ ಇದ್ದೆ. ನಾನು ಪ್ಲಾಸ್ಟಿಕ್ ಬಕೆಟ್ಟಿನ ಅಡಿ ಕತ್ತರಿಸಿ, ಗಾಜು ಅಂಟಿಸಿ, ಅದರಲ್ಲಿ ಮುಖ ಇಟ್ಟು ನೋಡುತ್ತಾ ಪಕ್ಕದಲ್ಲಿ ನಡೆದೆ.

ಬಾಯಿ ತೆರೆದಿತ್ತು. ಆದರೆ ರೆಕ್ಕೆ ಮುಗಿದು ನಡುಭಾಗ ಶುರುವಾಗುವ ಮೂಲೆಯಲ್ಲಿ ಬಲೆ ನೆರಿಗೆ ನೆರಿಗೆಯಾಗಿ ಒಳಗೆ ಮಡಚಿಕೊಂಡಿತ್ತು. ಪಕ್ಕದ ಕಣ್ಣುಗಳು ದಾರದಂತೆ ಎಳೆದು ಮುಚ್ಚಿಹೋಗಿದ್ದವು. ಒಂದು ಕಡೆ ಬಲೆ ಜಾಸ್ತಿ, ಪಕ್ಕದಲ್ಲೇ ಕಡಿಮೆ. ವರ್ಷಗಟ್ಟಲೆ ನಮ್ಮ ಬಲೆಗಳು ಅದೇ ಮೂಲೆಯಲ್ಲಿ ಹರಿದು ಬರುತ್ತಿದ್ದವು. ಕಲ್ಲು ತಾಗಿದೆ ಅಂದುಕೊಂಡು ಹೊಲಿದು ಕೊಡುತ್ತಿದ್ದೆವು. ಕಲ್ಲಲ್ಲ, ನಾವು ಹಗ್ಗಕ್ಕೆ ಬಲೆ ಕಟ್ಟಿದ ರೀತಿಯೇ ಸರಿ ಇರಲಿಲ್ಲ.

ನಡುಭಾಗಕ್ಕೆ ನಾನೀಗ ಅರ್ಧದ ಲೆಕ್ಕ ಹಿಡಿಯುತ್ತೇನೆ. 40 ಮಿಲಿಮೀಟರಿನ 100 ಕಣ್ಣು ಪೂರ್ತಿ ಎಳೆದರೆ 4 ಮೀಟರ್ ಆಗುತ್ತದೆ. ಅದನ್ನು 2 ಮೀಟರ್ ಹಗ್ಗಕ್ಕೆ ಸಮವಾಗಿ ಹಂಚಿ ಕಟ್ಟಬೇಕು. ಮೊದಲು ಹಗ್ಗಕ್ಕೆ ಗುರುತು, ಆಮೇಲೆ ಸೂಜಿ. ಕಣ್ಣಳತೆಯಲ್ಲಿ ಕಟ್ಟುತ್ತಾ ಹೋಗಿ ಕೊನೆಗೆ ಉಳಿದದ್ದನ್ನು ಮೂಲೆಗೆ ತುರುಕುವುದು ನಮ್ಮ ಶೆಡ್ಡಿನಲ್ಲಿ ನಿಂತೇಹೋಯಿತು. ಹೊಸ ಹುಡುಗರಿಗೆ ಇದನ್ನು ಕಲಿಸಲು ಬಹಳ ತಾಳ್ಮೆ ಬೇಕು. ಇನ್ನೊಂದು, ರೆಕ್ಕೆಯ ಅಂಚಿನಲ್ಲಿ ಭಾರ ಹೊರಬೇಕಾದದ್ದು ಹಗ್ಗ. ಹಗ್ಗ ಸಡಿಲವಿದ್ದರೆ ಭಾರ ದಾರದ ಮೇಲೆ ಬೀಳುತ್ತದೆ, ಕಣ್ಣು ಮುಚ್ಚುತ್ತದೆ.

ಎಷ್ಟು ಉದ್ದ ಬಿಟ್ಟೆವು ಅಂತ ತಿಳಿಯಲು ವಯರಿಗೆ ಹಚ್ಚುವ ಗುರುತಿನ ಬಗ್ಗೆಯೂ ಒಂದು ಮಾತು. ಹೊಸ ವಯರ್ ಸ್ವಲ್ಪ ಹಿಗ್ಗುತ್ತದೆ, ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಒಮ್ಮೆ ಒಂದು ಬೋಟಿನ ಎರಡು ವಯರನ್ನು ಧಕ್ಕೆಯ ಮೇಲೆ ಪಕ್ಕಪಕ್ಕ ಎಳೆದು ನೋಡಿದರೆ ಒಂದು ಮಾರಿನಷ್ಟು ವ್ಯತ್ಯಾಸ. ಬಲೆ ಸೊಟ್ಟ ಹೋಗುತ್ತಿದ್ದದ್ದು ಅದಕ್ಕೆ. ವರ್ಷಕ್ಕೆ ಎರಡು ಸಲವಾದರೂ ಅಳೆದು ಬಣ್ಣ ಹಚ್ಚಿ.

ಚೀಲದ ಬಗ್ಗೆ ನನಗೆ ಹೇಳಲೇಬೇಕಾದದ್ದು ಇದೆ. ಮಾಮೂಲಿ ಕಣ್ಣು ಮೀನಿನ ಭಾರ ಬಿದ್ದಂತೆ ಉದ್ದಕ್ಕೆ ಎಳೆದು ಮುಚ್ಚಿಕೊಳ್ಳುತ್ತದೆ. ಆಮೇಲೆ ಬೆರಳುದ್ದದ ಮರಿ ಸಹ ಹೊರಗೆ ಹೋಗಲಾರದು. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಕತ್ತರಿಸಿ ಕಟ್ಟಿದರೆ ಕಣ್ಣು ಚೌಕವಾಗಿ ನಿಲ್ಲುತ್ತದೆ. ಎಷ್ಟು ಎಳೆದರೂ ಮುಚ್ಚುವುದಿಲ್ಲ. ಮರಿ ಹೊರಗೆ ಹೋಗುತ್ತದೆ, ನೀರೂ ಹೋಗುತ್ತದೆ. ಕತ್ತರಿಸುವಾಗ ಬಲೆ ಸ್ವಲ್ಪ ವ್ಯರ್ಥವಾಗುತ್ತದೆ, ಕೆಲಸವೂ ಜಾಸ್ತಿ. ಅದಕ್ಕೆ ಕೆಲವರು ಬೇಡ ಅನ್ನುತ್ತಾರೆ. ನಾನು ಕೂಲಿ ಬಿಟ್ಟಾದರೂ ಕಟ್ಟಿಕೊಡುತ್ತೇನೆ. ರಾಣಿ ಮೀನಿನ ಮರಿಗಳನ್ನು ಬುಟ್ಟಿಗಟ್ಟಲೆ ಮೀನಿನ ಹುಡಿ ಮಾಡುವ ಫ್ಯಾಕ್ಟರಿಯ ಲಾರಿಗೆ ಸುರಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅವು ನಮ್ಮ ಮಕ್ಕಳು ಹಿಡಿಯಬೇಕಾದ ಮೀನು.

ಜೂನ್ ಒಂದರಿಂದ ಜುಲೈ ಕೊನೆಯವರೆಗಿನ 61 ದಿನ ಬೋಟುಗಳಿಗೆ ರಜೆ, ನಮಗೆ ಪುರುಸೊತ್ತಿಲ್ಲ. ಈ ಸಲವೂ ಹಾಗೆಯೇ ಆಯಿತು. ಆ 2006ರ ತಾಂಡೇಲ ಈಗ ಸ್ವಂತ ಬೋಟು ಮಾಡಿದ್ದಾನೆ. ಅವನಿಗೆ ಹೊಸ ಬಲೆ ಮಾಡಿಕೊಟ್ಟೆ. ಬಲೆಯ ಜೊತೆ ಒಂದು ಮೀಟರಿನ ಕೋಲನ್ನೂ ಕೊಟ್ಟೆ. ನೂಲ ಹುಣ್ಣಿಮೆಯ ಪೂಜೆ ಮುಗಿಸಿ ಬೋಟು ಹೋಯಿತು. ಸಂಜೆ ನಾಲ್ಕು ಗಂಟೆಗೆ ಫೋನ್ ಬಂತು. ಇಂಜಿನ್ ಸದ್ದಿನಲ್ಲಿ ಮಾತು ಅರ್ಧ ಮಾತ್ರ ಕೇಳುತ್ತಿತ್ತು.

"ಹನ್ನೊಂದೂವರೆ ಉಂಟು ಅಣ್ಣ. ಮೂರು ಸಲ ಅಳೆದೆ. ಬಲೆ ಇನ್ನೂ ಎತ್ತಲಿಲ್ಲ, ಮೀನಿನ ವಿಷಯ ಆಮೇಲೆ ಹೇಳ್ತೇನೆ."