ಫೆಡರಲ್ ರಿಫಂಡ್ ಬಂದರೂ ಕ್ಯಾಲಿಫೋರ್ನಿಯಾಕ್ಕೆ ತೆರಿಗೆ ಬಾಕಿ ಏಕೆ?

ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರು ರಿಟರ್ನ್ ಸಿದ್ಧಪಡಿಸುವಾಗ, ಫೆಡರಲ್ (ಅಮೆರಿಕದ ಕೇಂದ್ರ) ಸರ್ಕಾರದಿಂದ ರಿಫಂಡ್ ಬರುವುದೆಂದೂ ರಾಜ್ಯಕ್ಕೆ ಮಾತ್ರ ನೂರಾರು ಡಾಲರ್ ಕಟ್ಟಬೇಕೆಂದೂ ಕಂಡು, ಎಲ್ಲೋ ಲೆಕ್ಕ ತಪ್ಪಿದೆಯೆಂದು ಭಾವಿಸುವುದುಂಟು. ಹೆಚ್ಚಿನ ವೇಳೆ ಲೆಕ್ಕ ಸರಿಯಾಗಿಯೇ ಇರುತ್ತದೆ; ಒಂದೇ ಆದಾಯವನ್ನು ಎರಡು ಸರ್ಕಾರಗಳು ಬೇರೆ ಬೇರೆ ನಿಯಮಗಳಿಂದ ಅಳೆದಿರುತ್ತವೆ.

ಮೊದಲು, ವರ್ಷದ ಸಂಬಳ ಮತ್ತು ಮುರಿದುಕೊಂಡ ತೆರಿಗೆಯ ವಿವರವಿರುವ, ಕಂಪನಿ ಕೊಡುವ ಡಬ್ಲ್ಯೂ-2 ನಮೂನೆಯ 17ನೇ ಚೌಕವನ್ನು ನೋಡಿ. ವರ್ಷವಿಡೀ ರಾಜ್ಯಕ್ಕೆಂದು ಸಂಬಳದಲ್ಲಿ ಮುರಿದುಕೊಂಡ ಮೊತ್ತ ಅಲ್ಲಿರುತ್ತದೆ. ರಾಜ್ಯದ ರಿಟರ್ನ್‌ನಲ್ಲಿ ಬರುವ ಒಟ್ಟು ತೆರಿಗೆಗಿಂತ ಅದು ಎಷ್ಟು ಕಡಿಮೆಯೋ ಅಷ್ಟೇ ನಿಮ್ಮ ಬಾಕಿ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ, ಇನ್ನೊಂದು ಸಂಬಳದ ಅರಿವಿಲ್ಲದ ಪ್ರತಿ ಕಂಪನಿಯೂ ಕೆಳಹಂತದ ದರದಲ್ಲೇ ತೆರಿಗೆ ಮುರಿದುಕೊಳ್ಳುವುದರಿಂದ ಈ ಕೊರತೆ ಸಾಮಾನ್ಯ. ಬಳಿಕ 1ನೇ ಚೌಕವನ್ನು (ಫೆಡರಲ್ ಲೆಕ್ಕದ ಸಂಬಳ) 16ನೇ ಚೌಕದೊಂದಿಗೆ (ರಾಜ್ಯದ ಲೆಕ್ಕದ ಸಂಬಳ) ಹೋಲಿಸಿ. 16ರಲ್ಲಿ ಹೆಚ್ಚಿದ್ದರೆ, ವೈದ್ಯಕೀಯ ವೆಚ್ಚಕ್ಕೆಂದು ಕೂಡಿಡುವ ಹೆಲ್ತ್ ಸೇವಿಂಗ್ಸ್ ಅಕೌಂಟಿಗೆ ಹಾಕಿದ ಹಣ ಕಾರಣವಿರಬಹುದು. ಫೆಡರಲ್ ನಿಯಮದಲ್ಲಿ ಅದಕ್ಕಿರುವ ವಿನಾಯಿತಿಯನ್ನು ಕ್ಯಾಲಿಫೋರ್ನಿಯಾ ಒಪ್ಪುವುದಿಲ್ಲ.

ಕಡಿತದಲ್ಲೂ ಅಂತರ ದೊಡ್ಡದು. 2024ರ ಆದಾಯಕ್ಕೆ ಅವಿವಾಹಿತರ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮುನ್ನ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಫೆಡರಲ್‌ನಲ್ಲಿ 14,600 ಡಾಲರ್ ಇದ್ದರೆ ಕ್ಯಾಲಿಫೋರ್ನಿಯಾದಲ್ಲಿ ಬರೀ 5,540.

ನಮ್ಮವರು ಹೆಚ್ಚಾಗಿ ಎಡವುವುದು ಊರಿನ ಬ್ಯಾಂಕಿನಲ್ಲಿಟ್ಟ ಠೇವಣಿಯ ವಿಷಯದಲ್ಲಿ. ಎನ್‌ಆರ್‌ಒ (ಅನಿವಾಸಿ ಭಾರತೀಯರು ಭಾರತದಲ್ಲಿನ ಆದಾಯವನ್ನು ಇಡುವ ಖಾತೆ) ಠೇವಣಿಯ ಬಡ್ಡಿಗೆ ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಫಾರ್ಮ್ 1116ರ ಮೂಲಕ, ಮಿತಿಗೊಳಪಟ್ಟು, ಫೆಡರಲ್ ತೆರಿಗೆಯಲ್ಲಿ ಕಳೆಯಬಹುದು. ಆದರೆ ಭಾರತ–ಅಮೆರಿಕ ತೆರಿಗೆ ಒಪ್ಪಂದ ಅಮೆರಿಕದ ರಾಜ್ಯಗಳ ಆದಾಯ ತೆರಿಗೆಗೆ ಅನ್ವಯಿಸುವುದಿಲ್ಲ, ವಿದೇಶಕ್ಕೆ ಕಟ್ಟಿದ ತೆರಿಗೆಗೆ ಕ್ಯಾಲಿಫೋರ್ನಿಯಾ ತಾನಾಗಿಯೂ ಕ್ರೆಡಿಟ್ ಕೊಡುವುದಿಲ್ಲ. ಹೀಗಾಗಿ ರಾಜ್ಯದ 9.3 ಶೇಕಡಾ ತೆರಿಗೆ ದರದ ಹಂತದಲ್ಲಿರುವ ನಿವಾಸಿ 5,000 ಡಾಲರ್ ಬಡ್ಡಿಗೆ 465 ಡಾಲರನ್ನು ರಾಜ್ಯಕ್ಕೆ ಕಟ್ಟಲೇಬೇಕು. ಭಾರತದಲ್ಲಿ ತೆರಿಗೆಯೇ ಇಲ್ಲದ ಎನ್‌ಆರ್‌ಇ (ಅನಿವಾಸಿಗಳು ವಿದೇಶದಿಂದ ಕಳಿಸಿದ ಹಣ ಇಡುವ ಖಾತೆ) ಬಡ್ಡಿಯೂ ಇಲ್ಲಿ ಆದಾಯವೇ. "ಟ್ಯಾಕ್ಸ್ ಫ್ರೀ" ಎಂಬ ಬ್ಯಾಂಕಿನ ಮಾತು ಭಾರತದ ಗಡಿಯಾಚೆ ನಡೆಯದು. ಊರಿನ ಬ್ಯಾಂಕು ಕ್ಯಾಲಿಫೋರ್ನಿಯಾದ ಪಾಲನ್ನು ಮುರಿದುಕೊಳ್ಳುವುದಿಲ್ಲವಾದ್ದರಿಂದ ಇಡೀ ಮೊತ್ತ ಒಮ್ಮೆಲೇ ಬಾಕಿಯಾಗಿ ನಿಲ್ಲುತ್ತದೆ.

ಮುಂದಿನ ವರ್ಷ ಹೀಗಾಗದಿರಲು, ರಾಜ್ಯದ ತೆರಿಗೆ ಎಷ್ಟು ಮುರಿಯಬೇಕೆಂದು ತಿಳಿಸುವ ಹೊಸ ಡಿಇ-4 ನಮೂನೆಯನ್ನು ಕಂಪನಿಗೆ ಕೊಟ್ಟು ಪ್ರತಿ ಸಂಬಳದಲ್ಲೂ ಇಂತಿಷ್ಟು ಹೆಚ್ಚುವರಿಯಾಗಿ ಮುರಿದುಕೊಳ್ಳುವಂತೆ ತಿಳಿಸುವುದೇ ಸುಲಭದ ದಾರಿ. ಬಾಕಿ 500 ಡಾಲರ್ ಮುಟ್ಟಿದರೆ ದಂಡ ಬೀಳುವ ಸಾಧ್ಯತೆಯಿರುವುದರಿಂದ, ಮುಂಗಡ ತೆರಿಗೆಯನ್ನು ಕಂತಿನಲ್ಲಿ ಕಟ್ಟುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಕಂತುಗಳು ಫೆಡರಲ್‌ನಂತೆ ಸಮನಾಗಿರದೆ ಏಪ್ರಿಲ್‌ನಲ್ಲಿ ಶೇಕಡಾ 30, ಜೂನ್‌ನಲ್ಲಿ 40, ಮುಂದಿನ ಜನವರಿಯಲ್ಲಿ 30 ಆಗಿರುತ್ತವೆ. ಈ ವರ್ಷದ ಬಾಕಿಯನ್ನಂತೂ ಏಪ್ರಿಲ್ 15ರೊಳಗೆ ಕಟ್ಟಿಬಿಡಿ. ಅಕ್ಟೋಬರ್‌ವರೆಗೆ ಸಿಗುವ ಅವಧಿ ರಿಟರ್ನ್ ಸಲ್ಲಿಸುವುದಕ್ಕೆ ಮಾತ್ರ, ಹಣ ಕಟ್ಟುವುದಕ್ಕಲ್ಲ.